ಆನೆ ಗುಂಡಿಗೆ ಹೋದ ಹಲ್ಲು

ಕುಕ್ಕರ್ ಕೂಗಿದ್ದು ನನ್ನ ಮಾವನವರಿಗೆ ಬಸ್ಸು ಬಂದಂತೆ ಕೇಳಿಸಿತಲ್ಲ, ನನಗೆ ಭಯ ಹತ್ತಿದ್ದು ಅವತ್ತಿನಿಂದ.

ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರು ಬಾಯಲ್ಲಿ ಸೀಟಿ ಇಟ್ಟುಕೊಂಡೇ ಇರುತ್ತಾನೆ. ನಿಲ್ಲಿಸಲೂ ಸೀಟಿ, ಹೊರಡಲೂ ಸೀಟಿ. ಆ ಬೆಳಿಗ್ಗೆ ಒಲೆಯ ಮೇಲೆ ಬೇಳೆ ಇಟ್ಟು ಮಗಳಿಗೆ ಜಡೆ ಹಾಕುತ್ತಿದ್ದೆ. ಕುಕ್ಕರ್ ಕೂಗಿತು. ಜಗುಲಿಯಲ್ಲಿ ಕೂತಿದ್ದ ಮಾವ ಎದ್ದು, ಟವಲನ್ನು ಹೆಗಲಿಗೆ ಹಾಕಿ, ಕೈಚೀಲ ಹಿಡಿದು ಅಂಗಳಕ್ಕಿಳಿದರು.

"ಎಲ್ಲಿಗೆ ಮಾವ?" ಎಂದೆ.

"ಬಸ್ಸು ಬುಟ್ಬುಡ್ತದೆ ಕಣವ್ವ. ಸೀಟಿ ಊದ್ಬುಟ್ಟ."

ಮಗಳು ಬಿದ್ದು ಬಿದ್ದು ನಕ್ಕಳು. ತಾನೂ ಶಾಲೆಯ ಚೀಲ ಬೆನ್ನಿಗೇರಿಸಿ ತಾತನ ಹಿಂದೆ ನಿಂತು "ರೈಟ್ ರೈಟ್" ಎಂದಳು. ಇಬ್ಬರೂ ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದು ಕೂತರು. ಅವಳಿಗೆ ಅದು ಆಟ. ಅವರಿಗೂ ಆಟವೇ ಇರಬೇಕು ಎಂದುಕೊಂಡೆ. ಆದರೆ ಕೂತ ಮೇಲೆ ಅವರ ಮುಖದಲ್ಲಿ ನಿಜಕ್ಕೂ ಬಸ್ಸು ತಪ್ಪಿಸಿಕೊಂಡವರ ಬೇಸರ ಇತ್ತು.

ನಾನು ತಾಳವಾಡಿ ಬೆಟ್ಟದ ಮೇಲಿನ ಒಂದು ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಕ್ಕಳು ಎಲ್ಲಿಯದನ್ನೋ ತಂದು ಎಲ್ಲಿಗೋ ಗಂಟು ಹಾಕಿ ಮಾತಾಡಿದರೆ ನನಗೆ ಹಿಗ್ಗು. ಒಮ್ಮೆ ಸತ್ಯಮಂಗಲಕ್ಕೆ ಇಳಿಯುವಾಗ ದಿಂಬಂ ಘಾಟಿಯ ತಿರುವುಗಳಲ್ಲಿ ನನ್ನ ಮಗಳು ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, "ಅವ್ವ, ಇದು ರಸ್ತೆ ಅಲ್ಲ, ಬೆಟ್ಟದ ಕರುಳು" ಎಂದಿದ್ದಳು. ಹಿಂದಿನ ದಿನವಷ್ಟೇ ಪಕ್ಕದ ಮನೆಯಲ್ಲಿ ಕುರಿಯ ಕರುಳು ತೊಳೆಯುವುದನ್ನು ನೋಡಿದ್ದಳು. ನಾನು ಅದನ್ನು ಶಾಲೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅದೇ ವಾರ ಮಾವ ಸಂಜೆ ಜಗುಲಿಯಲ್ಲಿ ಕೂತು, ದೂರದ ಮೊಬೈಲ್ ಟವರಿನ ತುದಿಯ ಕೆಂಪು ದೀಪ ನೋಡುತ್ತ, "ಅಟ್ಟಣೇಲಿ ಯಾರೋ ಬೀಡಿ ಸೇದ್ತಾ ಅವ್ರೆ" ಎಂದರು. ಹೊಲದ ಅಂಚಿನ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ರಾಗಿ ಕಾಯುತ್ತ ಅರ್ಧ ಆಯುಷ್ಯ ಕಳೆದವರು ಅವರು. ಆ ಮಾತು ಮಗಳ ಬೆಟ್ಟದ ಕರುಳಿನ ಮಾತಿಗಿಂತ ಏನೂ ಕಡಿಮೆ ಇರಲಿಲ್ಲ. ಅದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಅವರು ಅರವತ್ತು ದಾಟಿ ಬಹಳ ವರ್ಷವಾಗಿತ್ತು.

ನನ್ನ ಗಂಡ ಪಿಕಪ್ ಗಾಡಿಯಲ್ಲಿ ತರಕಾರಿ ಹೇರಿಕೊಂಡು ಚಾಮರಾಜನಗರದ ಕಡೆ ಓಡಾಡುತ್ತಾರೆ. ಅವರ ಹತ್ತಿರ ಎತ್ತಿದರೆ, "ಅಪ್ಪ ಮೊದ್ಲಿಂದ್ಲೂ ಅಂಗೇ ಕಣೆ. ಇಲ್ದಿದ್ದನ್ನೆಲ್ಲ ಮನ್ಸಿಗೆ ಆಕೋಬೇಡ" ಎಂದು ಮಗ್ಗುಲಾಗುತ್ತಿದ್ದರು. ಅವರಿಗೂ ಭಯ ಇತ್ತೆಂದು ನನಗೆ ಆಮೇಲೆ ತಿಳಿಯಿತು.

ಮಗಳ ಮೊದಲ ಹಾಲುಹಲ್ಲು ಬಿದ್ದದ್ದು ಒಂದು ಶನಿವಾರ. ಮಕ್ಕಳಿಗೆ ರಜೆ, ನಮಗೆ ಮೀಟಿಂಗು. ಅವಳು ರೊಟ್ಟಿ ಕಚ್ಚಿದ್ದೇ ತಡ ಹಲ್ಲು ಕೈಗೆ ಬಂತು. ರಕ್ತ ನೋಡಿ ಅತ್ತಳು. ಮಾವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಸಗಣಿ ಉಂಡೇಲಿ ಸುತ್ತಿ ಮನೆ ಮ್ಯಾಕೆ ಎಸ್ದುಬುಡು ಕೂಸೆ. ಒಸ ಅಲ್ಲು ಬತ್ತದೆ."

"ಸಗಣೀನಾ? ಛೀ!"

"ಛೀ ಅನ್ಬ್ಯಾಡ. ಗುಮಟಾಪುರ್ದಲ್ಲಿ ತಿಪ್ಪೆ ಒಳಗಿಂದ ದೇವ್ರೇ ಎದ್ದು ಬಂದವ್ನೆ. ಅಂತಾ ಸಗಣೀಲಿ ಒಂದು ಅಲ್ಲು ಉಟ್ಟಲ್ವಾ?"

ದೀಪಾವಳಿ ಮುಗಿದ ಮಾರನೆಯ ದಿನ ಗುಮಟಾಪುರದ ಬೀರೇಶ್ವರನ ಮುಂದೆ ಜನ ಸಗಣಿಯಲ್ಲಿ ಎರಚಾಡುವುದನ್ನು ಅವಳು ತಾತನ ಹೆಗಲೇರಿ ನೋಡಿದ್ದಳು. ಹಾಗಾಗಿ ಆ ಮಾತು ಅವಳಿಗೆ ಸರಿಯಾಗಿ ಕೂತಿತು. ಉಂಡೆ ಕಟ್ಟಿ ಎಸೆದಳು. ನಮ್ಮದು ಈಗ ತಾರಸಿ ಮನೆ. ಉಂಡೆ ಗೋಡೆಗೆ ಬಡಿದು ಮತ್ತೆ ಅಂಗಳಕ್ಕೇ ಬಿತ್ತು. ಇನ್ನೊಮ್ಮೆ ಎಸೆದರೂ ಹಾಗೇ ಆಯಿತು.

"ಮನೆ ಬ್ಯಾಡ ಅಂತದೆ ತಾತ," ಎಂದಳು. ಹಲ್ಲನ್ನು ಆಯ್ದು ತೊಳೆದು, ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿದಳು. ಆಮೇಲೆ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಆನೆ ತನ್ನ ಅಲ್ಲನ್ನ ಯಾರ ಮನೆ ಮ್ಯಾಕೆ ಎಸೀತದೆ?" ಎಂದಳು.

"ಅದ್ಕೆಲ್ಲದೆ ಮನೆ? ಆ ಗುಂಡಿ ಆನೆ ಅಲ್ಲನ್ನ ಪಾರೆಸ್ಟ್‌ನೋರು ಕುಯ್ದು ತಕ್ಕೊಂಡೋದ್ರಲ್ಲ."

ಹಿಂದಿನ ಬೇಸಿಗೆಯಲ್ಲಿ ಕಾಯಿಲೆ ಬಿದ್ದ ಒಂದು ಗಂಡಾನೆ ನಮ್ಮ ಹೊಲಗಳ ಕೆಳಗಿನ ಹಳ್ಳದ ದಡದಲ್ಲಿ ಸತ್ತಿತ್ತು. ಅರಣ್ಯದವರು ಬಂದು ದಂತ ತೆಗೆದು, ಜೆಸಿಬಿಯಲ್ಲಿ ಗುಂಡಿ ತೋಡಿಸಿ ಹೂಳಿಸಿದ್ದರು. ಊರೆಲ್ಲ ಹೋಗಿ ನೋಡಿತ್ತು. ತಾತ, ಮೊಮ್ಮಗಳೂ ಹೋಗಿದ್ದರು. ಆ ಜಾಗಕ್ಕೆ ಆನೆ ಗುಂಡಿ ಎಂದೇ ಹೆಸರಾಯಿತು.

"ಅಂಗಾರೆ ಅದೂ ನನ್ನಂಗೇ ಬೊಚ್ಚುಬಾಯಿ" ಎಂದಳು ಮಗಳು.

ಮಾವ ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು. "ನಿಮ್ಮಜ್ಜೀನೂ ಅಂಗೇ ಓದ್ಲು. ಕೊನ್ಗೆ ಒಂದಲ್ಲೂ ಇರ್ನಿಲ್ಲ ಅವ್ಳಿಗೆ. ಮಣ್ಣೊಳಗೆ ಏನು ತಿಂತಾವ್ಳೋ ಏನೋ."

"ಮಾವ, ಮಗೀಗೆ ಅಂಥದ್ದೆಲ್ಲ ಹೇಳ್ಬೇಡಿ" ಎಂದೆ. ಅವರು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಹೊತ್ತಾಗಿತ್ತು. ಪಕ್ಕದ ಮನೆಯಾಕೆಗೆ ಒಂದು ಕಣ್ಣಿಡಲು ಹೇಳಿ ಸ್ಕೂಟಿ ಹತ್ತಿದೆ.

ಅದು ಮುಸುಕಿನ ಜೋಳ ಬಲಿತು ನಿಂತ ಕಾಲ. ಹಳ್ಳದ ಆಚೆಯ ಕಾಡಿನಿಂದ ಆನೆಗಳು ಇಳಿಯುತ್ತಿದ್ದವು. ಹಿಂದಿನ ರಾತ್ರಿಯೂ ಆ ಕಡೆ ಪಟಾಕಿ ಸದ್ದು ಕೇಳಿತ್ತು.

ಸಂಜೆ ನಾನು ಬಂದಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಚಿಲಕಕ್ಕೆ ಕಡ್ಡಿ ಸಿಕ್ಕಿಸಿತ್ತು. ಮಾವನ ಫೋನಿಗೆ ಕರೆ ಮಾಡಿದೆ. ಅದು ಒಳಗೆ ಮಂಚದ ಮೇಲೆ ಹೊಡೆದುಕೊಂಡಿತು. ಪಕ್ಕದ ಮನೆಯಾಕೆ ಜೋಳದ ತೆನೆ ಬಿಡಿಸುತ್ತ ಕೂತಿದ್ದಳು.

"ಇಲ್ಲೇ ಇದ್ರಲ್ಲ ಟೀಚರೆ, ಅಂಗಳದಲ್ಲಿ! ನಾನು ಎಮ್ಮೆಗೆ ನೀರು ಕುಡ್ಸಕ್ಕೆ ಓಗಿದ್ದೆ ಅಷ್ಟೆ" ಎಂದು ತೆನೆ ಕೆಳಗಿಟ್ಟಳು.

ನನಗೆ ಮೊದಲು ಹೊಳೆದದ್ದು ಬಸ್ಸು. ಯಾರ ಮನೆಯ ಕುಕ್ಕರೋ ಕೂಗಿದೆ, ಇವರು ಮಗುವಿನ ಕೈಹಿಡಿದು ಹೊರಟುಬಿಟ್ಟಿದ್ದಾರೆ. ಬಸ್ ಸ್ಟಾಪಿಗೆ ಓಡಿಸಿದೆ. ಚಾಮರಾಜನಗರದ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಟೀ ಅಂಗಡಿಯವನು, "ಇಲ್ಲ ಟೀಚರೆ, ಮದ್ಯಾನದಿಂದ ಇಲ್ಲೇ ಇವ್ನಿ, ನಾನ್ ನೋಡ್ನಿಲ್ಲ" ಎಂದ. ನನಗೆ ಸಮಾಧಾನವಾಗಲಿಲ್ಲ. ಅವನು ಟೀ ಸೋಸುವಾಗ ಹತ್ತಿದ್ದರೆ? ಮಾವ ಯಾವುದೋ ಚೆಕ್‌ಪೋಸ್ಟಿನಲ್ಲಿ ಇಳಿದು, ಸುತ್ತ ಕಾಡು ನೋಡಿ, ಪಕ್ಕದಲ್ಲಿದ್ದ ಮಗುವನ್ನು "ನೀನ್ಯಾರವ್ವ?" ಎಂದು ಕೇಳುತ್ತಿರುವ ಚಿತ್ರ ಕಣ್ಣೆದುರು ಬಂದು ನಿಂತಿತು. ಗಂಡನಿಗೆ ಫೋನ್ ಮಾಡಿದೆ. ತರಕಾರಿ ಮಂಡಿಯಲ್ಲಿ ಎಲೆಕೋಸು ಇಳಿಸುತ್ತಿದ್ದರು. ಗದ್ದಲದಲ್ಲಿ ಅವರ ದನಿ ಸಣ್ಣದಾಗಿ ಬಂತು: "ಬಸ್ಸಿನೋರ್ನ ನಾನು ವಿಚಾರಿಸ್ತಿನಿ. ನೀನು ಮನೆ ಸುತ್ತ ಇನ್ನೊಂದ್ಸಲ ನೋಡು."

ಮನೆಗೆ ಬಂದು ನೋಡಿದೆ. ಮೆಟ್ಟಿಲ ಮೇಲೆ ಬೆಂಕಿಪೊಟ್ಟಣ ತೆರೆದು ಬಿದ್ದಿತ್ತು, ಒಳಗೆ ಹಲ್ಲಿರಲಿಲ್ಲ. ಕೊಟ್ಟಿಗೆಯ ಹತ್ತಿರದ ಹಸಿ ಸಗಣಿಯಲ್ಲಿ ಪುಟ್ಟ ಬೆರಳುಗಳ ಗುರುತಿತ್ತು. ಗೋಡೆಗೆ ಒರಗಿಸಿಟ್ಟಿದ್ದ ಸಣ್ಣ ಗುದ್ದಲಿ ಕಾಣಲಿಲ್ಲ. ಅಡುಗೆಮನೆಯಲ್ಲಿ ತೂಗುಹಾಕಿದ್ದ ಬಾಳೆಹಣ್ಣಿನ ಚಿಪ್ಪಿನಿಂದ ಹಣ್ಣು ಕಿತ್ತಿದ್ದರು.

ಆಗ ಬೆಳಗಿನ ಮಾತು ಒಂದೊಂದಾಗಿ ನೆನಪಿಗೆ ಬಂತು. ಹಲ್ಲನ್ನು ಮನೆ ಬೇಡ ಎಂದಿದೆ. ಆನೆಗೆ ಹಲ್ಲಿಲ್ಲ, ಅಜ್ಜಿಗೂ ಹಲ್ಲಿರಲಿಲ್ಲ. ಇಬ್ಬರೂ ಮಣ್ಣಿನಲ್ಲಿದ್ದಾರೆ. ಸಗಣಿಯಲ್ಲಿ ಇಟ್ಟದ್ದು ಹುಟ್ಟಿ ಬರುತ್ತದೆ. ಟೀಚರಾಗಿ ನಾನು ಹೇಗೆ ಯೋಚಿಸುತ್ತೇನೋ ಹಾಗೆ ಯೋಚಿಸಿದರೆ ಅವರು ಸಿಗುತ್ತಿರಲಿಲ್ಲ. ಅವರಿಬ್ಬರ ಮಾತು ಹಿಡಿದು ನಡೆದರೆ ದಾರಿ ನೇರವಾಗಿತ್ತು. ಅದು ಹೋಗಿ ಮುಟ್ಟುವ ಜಾಗ ಗೊತ್ತಾದ ಕೂಡಲೇ "ಆನೆ ಗುಂಡಿ!" ಎಂದು ಕೂಗಿಬಿಟ್ಟೆ.

ಪಕ್ಕದ ಮನೆಯಾಕೆ ನನ್ನ ಮುಖ ನೋಡಿದವಳೇ, "ನಡೀರಿ, ನಾನೂ ಬತ್ತಿನಿ" ಎಂದಳು. ಹೋಗುವ ಮೊದಲು ತನ್ನ ಮೈದುನನಿಗೆ ಕೂಗಿ, ಜನ ಸೇರಿಸಿಕೊಂಡು ಹಳ್ಳದ ಕಡೆ ಬರಲು ಹೇಳಿದಳು.

ಅತ್ತೆಯ ಸಮಾಧಿ ನಮ್ಮ ಹೊಲದ ಮೂಲೆಯಲ್ಲೇ ಇದೆ. ಅಲ್ಲಿಗೆ ಹೋದಾಗ ಸಮಾಧಿಯ ಮೇಲೆ ಸುಲಿದ ಬಾಳೆಹಣ್ಣೊಂದನ್ನು ಮುತ್ತುಗದ ಎಲೆಯಲ್ಲಿ ಇಟ್ಟಿದ್ದರು. ಹಲ್ಲಿಲ್ಲದವರು ತಿನ್ನಲಿ ಎಂದು ಮೆತ್ತಗಿನದು. ನಾನು ಅಳಬೇಕಿತ್ತೋ ಏನೋ. ಹೊಳೆದದ್ದು ಒಂದೇ: ಮಿಕ್ಕ ಹಣ್ಣು ಅವರ ಕೈಯಲ್ಲಿದೆ, ಬಾಳೆಹಣ್ಣಿನ ವಾಸನೆಗೆ ಆನೆ ಎಷ್ಟು ದೂರದಿಂದಲೂ ಬರುತ್ತದೆ. ಅಲ್ಲಿಂದ ದೊಡ್ಡ ಹೆಜ್ಜೆ, ಸಣ್ಣ ಹೆಜ್ಜೆ ಜೊತೆಜೊತೆಯಾಗಿ ಹಳ್ಳದ ಕಡೆಗೆ ಇಳಿದಿದ್ದವು.

ಮಗಳ ಹೆಸರು ಕೂಗಲು ಬಾಯಿ ತೆರೆದೆ. ಪಕ್ಕದ ಮನೆಯಾಕೆ ನನ್ನ ರಟ್ಟೆ ಹಿಡಿದು, "ಬಾಯ್ ಬುಡ್ಬ್ಯಾಡಿ" ಎಂದು ನೆಲ ತೋರಿಸಿದಳು. ದಾರಿಯ ನಡುವೆ ಆನೆ ಲದ್ದಿ. ಅದರಲ್ಲಿ ಇಡೀ ಜೋಳದ ಕಾಳು. ಇನ್ನೂ ಹಬೆಯಾಡುತ್ತಿತ್ತು.

ಆಮೇಲಿನ ದಾರಿ ಹೇಗೆ ನಡೆದೆನೋ ತಿಳಿಯದು. ಜೋಳದ ಗರಿ ಅಲುಗಿದರೂ ನಿಂತುಬಿಡುತ್ತಿದ್ದೆ. ಹೊಲ ಮುಗಿದು ಲಂಟಾನ ಪೊದೆ ಶುರುವಾಗುವಲ್ಲಿ ಆಕೆ ಥಟ್ಟನೆ ಕೂತು, ನನ್ನನ್ನೂ ಎಳೆದು ಕೂರಿಸಿದಳು. ಪೊದೆಯ ಸಂದಿಯಿಂದ ಗುಂಡಿಯ ಜಾಗ ಕಾಣುತ್ತಿತ್ತು. ನಾಲ್ಕೈದು ಆನೆಗಳು ನಿಂತಿದ್ದವು. ಒಂದು ಮರಿ ತಾಯಿಯ ಹೊಟ್ಟೆಯ ಕೆಳಗೆ ನುಸುಳುತ್ತಿತ್ತು. ಒಂದು ದೊಡ್ಡ ಹೆಣ್ಣಾನೆ ಹೊಸದಾಗಿ ಕೆದಕಿದ್ದ ಮಣ್ಣನ್ನು ಸೊಂಡಿಲಿನಿಂದ ಮೂಸಿ ಮೂಸಿ ನೋಡುತ್ತಿತ್ತು. ಅದರ ಕಾಲಿನ ಹತ್ತಿರ ಮಾವನ ಕೊಡೆ ಅಗಲವಾಗಿ ಬಿಚ್ಚಿಕೊಂಡು ಮಗುಚಿ ಬಿದ್ದಿತ್ತು. ಕೊಡೆಯ ಪಕ್ಕ ಮಗಳ ಒಂದು ಚಪ್ಪಲಿ.

ಎದ್ದು ಓಡಲು ನೋಡಿದೆನಂತೆ. ಆಕೆ ನನ್ನ ಮೇಲೆ ತನ್ನ ಇಡೀ ಭಾರ ಹಾಕಿ ಒತ್ತಿ ಹಿಡಿದಳಂತೆ. ಅದು ನನಗೆ ನೆನಪಿಲ್ಲ. ನೆನಪಿರುವುದು ಆಕೆ ಕಿವಿಯಲ್ಲಿ ಪಿಸುಗುಟ್ಟಿದ್ದು: "ಮ್ಯಾಕೆ ನೋಡಿ. ಮರದ ಮ್ಯಾಕೆ."

ಗುಂಡಿಯಿಂದ ಈಚೆಗೆ ಒಂದು ಹುಣಸೆಮರ. ಅದರಲ್ಲಿ ಯಾರೋ ಬಿಟ್ಟುಹೋದ ಹಳೆಯ ಅಟ್ಟಣೆ, ಅರ್ಧ ಮುರಿದದ್ದು. ಅದರ ಮೂಲೆಯಲ್ಲಿ ಅವರಿಬ್ಬರೂ ಇದ್ದರು. ಆ ವಯಸ್ಸಿನಲ್ಲಿ ಮಾವ ಮಗುವನ್ನು ಹತ್ತಿಸಿ ತಾವು ಹೇಗೆ ಹತ್ತಿದರೋ! ಮಗಳು ಅವರ ತೊಡೆಯ ಮೇಲೆ ಮುಖಾಮುಖಿಯಾಗಿ ಕೂತು, ಟವಲಿನ ತುದಿಯನ್ನು ಅವರ ಬಾಯಿಗೆ ತುರುಕಿ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಮಾವನಿಗೆ ಹಳೆಯ ಬೀಡಿ ಕೆಮ್ಮು. ಒಳಗೇ ಕೆಮ್ಮು ಬಂದು ಅವರ ಹೆಗಲು ಕುಲುಕುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಸದ್ದು ಮಾತ್ರ ಹೊರಬರಲಿಲ್ಲ.

ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಅದು ತಿರುಗಿದರೆ ಏನು ಗತಿ ಎಂದು ನಾನು ಪೊದೆಯ ಬುಡದ ಒಣ ಹುಲ್ಲನ್ನೇ ನೋಡುತ್ತ ಕೂತೆ. ಊರ ಕಡೆಯಿಂದ ಜನ ತಮಟೆ, ಪಟಾಕಿ ಹಿಡಿದು ಬಂದರೆ ಆನೆಗಳು ಮರದ ಬುಡಕ್ಕೇ ನುಗ್ಗಬಹುದು ಎಂದು ಇನ್ನೊಂದು ಭಯ. ಆಕೆ ಅದನ್ನೇ ಯೋಚಿಸಿ ಮೊಣಕಾಲೂರಿ ಹಿಂದಕ್ಕೆ ಸರಿದು, ಬರುವವರನ್ನು ತಡೆಯಲು ಹೋದಳು. ನಾನು ಒಬ್ಬಳೇ ಉಳಿದೆ. ಹೆಣ್ಣಾನೆ ಮಣ್ಣನ್ನು ಎಳೆದು ತನ್ನ ಬೆನ್ನಿಗೆ ಎರಚಿಕೊಂಡಿತು. ಕೊಡೆಯನ್ನು ಕಾಲಿನಿಂದ ತಳ್ಳಿತು. ಕಡ್ಡಿ ಮುರಿಯುವ ಸದ್ದಿಗೆ ನಾನು ಸೆರಗು ಕಚ್ಚಿಕೊಂಡೆ. ಆಮೇಲೆ ಯಾವುದೋ ಒಂದು ಹೊತ್ತಿನಲ್ಲಿ, ಯಾರೋ ಕರೆದಂತೆ, ಎಲ್ಲವೂ ಒಂದರ ಹಿಂದೊಂದು ಹಳ್ಳಕ್ಕಿಳಿದು ಆಚೆ ದಡದ ಬಿದಿರಿನಲ್ಲಿ ಮರೆಯಾದವು.

ಅವರನ್ನು ಇಳಿಸಿಕೊಂಡದ್ದು ಪಕ್ಕದ ಮನೆಯಾಕೆಯ ಮೈದುನ. ಮಗಳ ಮೈ ತಣ್ಣಗಿತ್ತು. ಎತ್ತಿಕೊಂಡರೆ ನನ್ನ ಕುತ್ತಿಗೆಯನ್ನು ಉಸಿರು ಕಟ್ಟುವಂತೆ ತಬ್ಬಿದಳು. "ಟವಲ್ಲು ಯಾಕೆ ತುರುಕಿದ್ಯೆ?" ಎಂದು ಆತ ಕೇಳಿದ.

"ತಾತ ಕಾಡಲ್ಲಿ ದನ ಒಡ್ಕೊಂಡೋಗುವಾಗ ಗಂಟೆ ಒಳಕ್ಕೆ ಉಲ್ಲು ತುರುಕ್ತಿದ್ದಂತೆ. ಸದ್ದು ಬರ್ಬಾರ್ದು ಅಂತ. ದಾರೀಲಿ ಬರ್ವಾಗ ತಾತ ಏಳ್ದ," ಎಂದಳು. "ಕೆಮ್ಮೂ ಗಂಟೆ ತಾನೆ?"

ಅಷ್ಟು ಹೊತ್ತು ಅದುಮಿಟ್ಟದ್ದೆಲ್ಲ ನನಗೆ ಒಮ್ಮೆಲೇ ಉಕ್ಕಿತು. ಮದುವೆಯಾಗಿ ಬಂದ ಮೇಲೆ ಒಂದು ದಿನವೂ ಮಾವನಿಗೆ ಎದುರಾಡಿದವಳಲ್ಲ. ಅವತ್ತು ಊರವರ ಮುಂದೆ ಕಿರುಚಿದೆ: "ನಿಮಗೆ ಬುದ್ಧಿ ಇದ್ಯಾ ಮಾವ? ಆನೆ ಬಾಯಿಗೆ ಮಗೂನ ಕರ್ಕೊಂಡು ಬಂದ್ರಲ್ಲ!"

ಅವರು ನನ್ನನ್ನು ನೋಡಿದರು. ಸಿಟ್ಟಿಲ್ಲ, ತಪ್ಪು ಮಾಡಿದವರ ಅಳುಕೂ ಇಲ್ಲ. ಬಹಳ ಮರ್ಯಾದೆಯಿಂದ, ಸಂತೆಯಲ್ಲಿ ಅಪರಿಚಿತರನ್ನು ಕೇಳುವಂತೆ ಕೇಳಿದರು: "ಯಾರವ್ವ ನೀನು? ಯಾವ ಊರು?"

ಆನೆಯ ಮುಂದೆ ಹೆದರಿದ್ದು ಒಂದು ಹೆದರಿಕೆಯೇ ಅಲ್ಲ ಅನಿಸಿತು.

ಮನೆಗೆ ಬರುವಷ್ಟರಲ್ಲಿ ಅವರಿಗೆ ನಾನು ಯಾರೆಂದು ಮತ್ತೆ ಗೊತ್ತಾಗಿತ್ತು. "ಕೂಸಿಗೆ ಬಿಸಿನೀರು ಉಯ್ಯವ್ವ, ಮೈ ತಣ್ಗದೆ" ಎಂದು ಎಂದಿನಂತೆ ಹೇಳಿದರು. ಗಂಡ ಬಂದರು, ವಿಷಯವೆಲ್ಲ ಕೇಳಿದರು. ಅಪ್ಪನನ್ನು ಬಯ್ಯಲಿಲ್ಲ. ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಬ್ಬರೇ ನಿಂತಿದ್ದರು.

ಮುಂದಿನ ವಾರ ಚಾಮರಾಜನಗರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಮಗಳನ್ನು ಬಿಟ್ಟು ಬರಲು ನನಗೆ ಧೈರ್ಯವಿರಲಿಲ್ಲ, ಅವಳೂ ಬಂದಿದ್ದಳು. ಡಾಕ್ಟರು ವಾರ ಯಾವುದು, ಊರು ಯಾವುದು ಎಂದೆಲ್ಲ ನಿಧಾನವಾಗಿ ಕೇಳಿದರು. ಕೆಲವಕ್ಕೆ ಮಾವ ಸರಿಯಾಗಿ ಹೇಳಿದರು, ಕೆಲವಕ್ಕೆ ನನ್ನ ಗಂಡನ ಮುಖ ನೋಡಿದರು. ಆಮೇಲೆ ಡಾಕ್ಟರು, "ಬಾಳೆಹಣ್ಣು, ಕಿತ್ತಳೆಹಣ್ಣು. ಎರಡರಲ್ಲೂ ಒಂದೇ ಥರ ಇರೋದು ಏನು ತಾತ?" ಎಂದರು. ಎರಡೂ ಹಣ್ಣು ಎಂದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದೆ.

ಮಾವ ಯೋಚಿಸಿ, "ಎಲ್ಡೂವೆ ಬಸ್ಸಿನ ಕಿಟ್ಕಿ ತಾವ ಮಾರಕ್ಕೆ ಬತ್ತವೆ" ಎಂದರು.

ಮಗಳು ತಡೆಯಲಾರದೆ, "ನಾನೇಳ್ತಿನಿ! ಎರಡೂ ಅಂಗಿ ಆಕ್ಕೊಂಡವೆ. ಗುಂಡಿ ಮಾತ್ರ ಇಲ್ಲ" ಎಂದಳು.

ಡಾಕ್ಟರು ಜೋರಾಗಿ ನಕ್ಕು ಅವಳ ಕೆನ್ನೆ ತಟ್ಟಿ, "ಜಾಣೆ" ಎಂದರು. ಆಮೇಲೆ ತಲೆ ತಗ್ಗಿಸಿ ಮಾವನ ಚೀಟಿಯಲ್ಲಿ ಏನೋ ಬರೆದುಕೊಂಡರು. ಅವರದೇನೂ ತಪ್ಪಿಲ್ಲ. ನಾನೂ ಹಾಗೇ ಮಾಡಿಕೊಂಡು ಬಂದಿದ್ದೆ. ಆದರೆ ಆ ನಗುವಿಗೂ ಆ ಬರೆಯುವಿಕೆಗೂ ನಡುವೆ ಕೂತಿರುವುದು ಬಹಳ ಕಷ್ಟವಾಯಿತು.

ಮರೆವಿನ ಕಾಯಿಲೆ ಶುರುವಾಗಿದೆ, ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು, ಒಬ್ಬರನ್ನೇ ಬಿಡಬೇಡಿ ಎಂದರು. "ಮಗು ಜೊತೆ ಮಾತಾಡ್ತಾ ಇರಲಿ, ಒಳ್ಳೆಯದು" ಎಂದೂ ಸೇರಿಸಿದರು.

ಈಗ ಅಂಗಳಕ್ಕೆ ಗೇಟು ಹಾಕಿಸಿದ್ದೇವೆ. ಬೀಗದ ಕೈ ನನ್ನ ಕತ್ತಿನ ಸರದಲ್ಲೇ ಇರುತ್ತದೆ. ನಾನು ಶಾಲೆಯಲ್ಲಿರುವಾಗ ಪಕ್ಕದ ಮನೆಯಾಕೆ ತನ್ನ ಕೆಲಸವನ್ನೆಲ್ಲ ನಮ್ಮ ಜಗುಲಿಗೇ ತಂದುಕೊಂಡು ಕೂರುತ್ತಾಳೆ. ಆದರೂ ಪಾಠ ಮಾಡುವಾಗ ಫೋನು ಅಲುಗಿದರೆ ಸೀಮೆಸುಣ್ಣ ಅಲ್ಲೇ ಇಟ್ಟು ಹೊರಗೋಡುತ್ತೇನೆ. ಹಲ್ಲು ಏನಾಯಿತೆಂದು ನಾನು ಕೇಳಿಲ್ಲ. ಆನೆ ತೆಗೆದುಕೊಂಡಿತು ಎಂದು ಮಗಳು ಹೇಳುತ್ತಾಳೆ.

ಮಾವ ನನ್ನನ್ನು ಮರೆಯುವುದು ಈಚೆಗೆ ಹೆಚ್ಚಾಗಿದೆ. "ಈಯಮ್ಮ ಯಾರು?" ಎಂದು ಮೊಮ್ಮಗಳನ್ನು ಮೆಲ್ಲಗೆ ಕೇಳುತ್ತಾರೆ. "ನಿಮ್ಮ ಸೊಸೆ" ಎಂದು ನಾನು ಹೇಳಿದರೆ ಅವರ ಮುಖ ಹಾಗೇ ಖಾಲಿ ಇರುತ್ತದೆ. ಮಗಳು ಬೇರೆ ಥರ ಪರಿಚಯ ಮಾಡಿಸುತ್ತಾಳೆ. ದಿನಕ್ಕೊಂದು ಹೇಳುತ್ತಾಳೆ: "ಮಳೆ ಬಂದ್ರೆ ಒಣಾಕಿದ ಬಟ್ಟೆ ಮರ್ತು ಒಳಕ್ಕೆ ಓಡೋಳು." "ನೀನು ಬೀಡಿ ಬಚ್ಚಿಟ್ರೆ ಕಂಡಿಡಿಯೋಳು." ಅವರ ಕಣ್ಣಿನಲ್ಲಿ ಏನೋ ಹೊತ್ತಿಕೊಂಡು, "ಓ, ನಮ್ಮವ್ವ!" ಎನ್ನುತ್ತಾರೆ.

ಮೊನ್ನೆ ಊಟಕ್ಕೆ ಕೂತಾಗ ಅವರು ಮತ್ತೆ ಕೇಳಿದರು. ನಾನು ಮುದ್ದೆಯ ತಟ್ಟೆ ಹಿಡಿದು ನಿಂತಿದ್ದೆ. "ಸಾರಿಗೆ ಉಪ್ಪು ಜಾಸ್ತಿ ಆಕೋಳು" ಎಂದಳು ಮಗಳು. ಅವರು ನನ್ನನ್ನೇ ನೋಡಿದರು. ಏನೂ ಹೊತ್ತಿಕೊಳ್ಳಲಿಲ್ಲ. ಮಗಳು ಇನ್ನೊಂದು ಹೇಳಿದಳು, ಮತ್ತೊಂದು ಹೇಳಿದಳು. ಅವಳ ದನಿ ಸಣ್ಣದಾಗುತ್ತ ಬಂತು. ಮೊದಲ ಸಲ ಅವಳ ಕಣ್ಣಿನಲ್ಲೂ ನನ್ನ ಭಯ ಕಂಡಿತು.

ನಾನು ತಟ್ಟೆ ಅವರ ಮುಂದಿಟ್ಟು ಎದುರಿಗೆ ಕೂತೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಸ್ವಲ್ಪ ತಡೆದು, "ಉಪ್ಪು ಜಾಸ್ತಿನೇ ಆಗದೆ ಕಣವ್ವ" ಎಂದು ನನಗೇ ಹೇಳಿದರು.

ಮಗಳು ಉಸಿರು ಬಿಟ್ಟಳು. ನಾನು ನೀರು ತರಲು ಎದ್ದು ಒಳಗೆ ಹೋದೆ.